ಕಾಣುವ ಅಕ್ಷರ, ಸಿಗುವ ಅಕ್ಷರ: ಕನ್ನಡ ಸಂಶೋಧನೆಯ ಗಣಕ ಪರಿಕರಗಳು ನಡೆದುಬಂದ ದಾರಿ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಗೆ ಸೇರಿದ ಹಳ್ಳಿಯಾಗಿದ್ದು, ಕಾಲಕ್ರಮದಲ್ಲಿ ಬನಶಂಕರಿ, ಪದ್ಮನಾಭನಗರ, ವಸಂತಪುರಗಳ ಕಡೆಯಿಂದ ಬೆಳೆದು ಬಂದ ನಗರದೊಳಗೆ ಕರಗಿಹೋದ ಸುಬ್ರಹ್ಮಣ್ಯಪುರದಂಥ ಊರಿನ ಹಿನ್ನೆಲೆಯನ್ನು ಅರಸುವವರು ಮೊದಲು ಹಿಡಿಯುವ ಎಳೆ ಊರಿನ ಹೆಸರೇ ಆಗಿರುತ್ತದೆ. ಆ ಹೆಸರು ಯಾವ ಶಾಸನದಲ್ಲಿ, ಯಾವ ಕಡತದಲ್ಲಿ, ಯಾವ ಪುಸ್ತಕದ ಎಷ್ಟನೆಯ ಪುಟದಲ್ಲಿ ಬಂದಿದೆ ಎಂಬುದನ್ನು ತಿಳಿಸಿಕೊಡುವ ಸಾಧನಕ್ಕೆ ಸಂಶೋಧನೆಯ ಪರಿಕರವೆಂದು ಹೆಸರು. ಶಬ್ದಕೋಶ, ಪದಸೂಚಿ, ಗ್ರಂಥಸೂಚಿಗಳು ಇಂಥವು. ಕನ್ನಡದಲ್ಲಿ ಈ ಪರಿಕರಗಳು ಕಾಗದದಿಂದ ಗಣಕಯಂತ್ರಕ್ಕೆ ಸಾಗಿದ ಚರಿತ್ರೆಯನ್ನು ಸಾಮಾನ್ಯವಾಗಿ ಅಕ್ಷರಗಳು ತೆರೆಯ ಮೇಲೆ ಮೂಡಿದ ಸಾಧನೆಯ ಕಥೆಯಾಗಿ ಹೇಳಲಾಗುತ್ತದೆ. ಆದರೆ ಅಕ್ಷರ ಕಾಣುವುದು ಬೇರೆ, ಬೇಕೆಂದಾಗ ಮತ್ತೆ ಸಿಗುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಮುಚ್ಚಲು ಕನ್ನಡವು ಪಟ್ಟ ಪಾಡೇ ಈ ಚರಿತ್ರೆಯ ತಿರುಳು.

ಕಾರ್ಡು ಮತ್ತು ಸೂಚಿ

ಬೆಂಜಮಿನ್ ಲೂಯಿ ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ ಮಾಲೆಯ 9ನೆಯ ಸಂಪುಟವು ಬೆಂಗಳೂರು ಜಿಲ್ಲೆಗೆ ಮೀಸಲಾಗಿ 1905ರಲ್ಲಿ ಪ್ರಕಟವಾಯಿತು. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಕನ್ನಡ ಪಾಠ, ರೋಮನ್ ಲಿಪ್ಯಂತರ ಮತ್ತು ಇಂಗ್ಲಿಷ್ ಅನುವಾದಗಳನ್ನು ಒದಗಿಸಿದ ಆ ಕ್ರಮವು ಇಂದಿಗೂ ಉಲ್ಲೇಖಕ್ಕೆ ಆಧಾರವಾಗಿದೆ. ಅದಕ್ಕೂ ಮೊದಲು, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70 ಸಾವಿರ ಪದಗಳನ್ನು ಒಂದೆಡೆ ತಂದಿತ್ತು.

1915ರಲ್ಲಿ ಸ್ಥಾಪನೆಯಾಗಿ ಚಾಮರಾಜಪೇಟೆಯಲ್ಲಿ ನೆಲೆಗೊಂಡ ಕನ್ನಡ ಸಾಹಿತ್ಯ ಪರಿಷತ್ತು ಕೈಗೊಂಡ ಕನ್ನಡ–ಕನ್ನಡ ನಿಘಂಟು ಇವೆರಡಕ್ಕಿಂತ ದೊಡ್ಡ ಸಾಹಸ. ಪದವು ಯಾವ ಕಾಲದ ಯಾವ ಕೃತಿಯಲ್ಲಿ ಅಥವಾ ಶಾಸನದಲ್ಲಿ ಯಾವ ಅರ್ಥದಲ್ಲಿ ಬಳಕೆಯಾಗಿದೆ ಎಂಬುದನ್ನು ಪ್ರಯೋಗಸಹಿತ ತೋರಿಸಬೇಕೆಂಬ ಗುರಿಯಿದ್ದುದರಿಂದ, ವಿದ್ವಾಂಸರು ಗ್ರಂಥಗಳನ್ನು ಸಾಲುಸಾಲಾಗಿ ಓದಿ, ಪದವೊಂದಕ್ಕೆ ಕಾರ್ಡೊಂದರಂತೆ ಬರೆದು, ಅಕಾರಾದಿಯಾಗಿ ಜೋಡಿಸಿಟ್ಟರು. ಮೊದಲ ಸಂಪುಟ 1970ರಲ್ಲಿ ಅಚ್ಚಾಯಿತು, ಜಿ. ವೆಂಕಟಸುಬ್ಬಯ್ಯ ಮೊದಲಾದವರ ಸಂಪಾದಕತ್ವ ಕಂಡ ಈ ಕೆಲಸವು 8 ಸಂಪುಟಗಳಾಗಿ ಮುಗಿಯುವಾಗ 1995 ಬಂದಿತ್ತು.

ಈ ಕಾರ್ಡುಗಳ ಪೆಟ್ಟಿಗೆಯನ್ನು ಗಣಕಯಂತ್ರದ ಪೂರ್ವಜವೆಂದು ಕರೆದರೆ ಅತಿಶಯವಾಗಲಾರದು, ಏಕೆಂದರೆ ಪಠ್ಯವನ್ನು ಪದಗಳಾಗಿ ಬಿಡಿಸಿ, ಪದಕ್ಕೆ ವಿಳಾಸ ಕೊಟ್ಟು, ಆ ವಿಳಾಸಗಳನ್ನು ಕ್ರಮದಲ್ಲಿಡುವುದೇ ಎಲ್ಲ ಹುಡುಕಾಟದ ಮೂಲತತ್ತ್ವ. ಆದರೆ ಕಾರ್ಡಿಗೆ ಒಂದು ಮಿತಿಯಿತ್ತು: ಸೂಚಿಯನ್ನು ಸಿದ್ಧಪಡಿಸಿದವರು ಯಾವುದನ್ನು ಮುಖ್ಯವೆಂದು ಬರೆದುಕೊಂಡಿದ್ದರೋ ಅದು ಮಾತ್ರ ಸಿಗುತ್ತಿತ್ತು, ಅವರು ಬಿಟ್ಟದ್ದು ಪುಸ್ತಕದೊಳಗೇ ಉಳಿಯುತ್ತಿತ್ತು.

ಬೆರಳಿಗೆ ಸಿಕ್ಕ ಧ್ವನಿ

ಕನ್ನಡವನ್ನು ಯಂತ್ರಕ್ಕೆ ಒಗ್ಗಿಸುವ ಮೊದಲ ಯತ್ನಗಳು ಅಕ್ಷರದ ಆಕಾರವನ್ನೇ ಆಧರಿಸಿದ್ದವು. ಅನಂತಸುಬ್ಬರಾಯರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ಮೈ, ತಲಕಟ್ಟು, ಕೊಂಬು, ಗುಡಿಸು, ಒತ್ತು ಎಂದು ತುಂಡುಗಳಾಗಿ ಒಡೆದು ಕೀಲಿಗಳಿಗೆ ಹಂಚಬೇಕಾಯಿತು. ಕಾಗದದ ಮೇಲೆ ಮಸಿಯ ಗುರುತು ಮೂಡಿಸುವುದಷ್ಟೇ ಆ ಯಂತ್ರದ ಕೆಲಸವಾದ್ದರಿಂದ ಈ ವಿಧಾನ ಅದಕ್ಕೆ ಸಾಕಾಗಿತ್ತು.

ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಮುಂದೆ ಮೊನೊಟೈಪ್ ಸಂಸ್ಥೆಯಲ್ಲಿಯೂ ದುಡಿದು, ಭಾರತೀಯ ಲಿಪಿಗಳ ಅಚ್ಚುಜೋಡಣೆಯಲ್ಲಿ ಪಳಗಿದವರು. ಅವರು ಈ ದಾರಿಯನ್ನು ಬಿಟ್ಟು, ಕನ್ನಡ ಬರವಣಿಗೆಯು ಉಚ್ಚಾರಣೆಯನ್ನು ಅನುಸರಿಸುತ್ತದೆಂಬ ವ್ಯಾಕರಣದ ಸತ್ಯವನ್ನೇ ಕೀಲಿಮಣೆಗೆ ಅಡಿಪಾಯ ಮಾಡಿಕೊಂಡರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಹೊತ್ತ ಅವರ ತಂತ್ರಾಂಶವು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲಿಯೇ ಇಡೀ ಕನ್ನಡ ವರ್ಣಮಾಲೆಯನ್ನು ಅಳವಡಿಸಿತು. ‘ಕೆ’ ಒತ್ತಿದರೆ ಕ, ಶಿಫ್ಟ್ ಸಹಿತ ಒತ್ತಿದರೆ ಖ. ವ್ಯಂಜನದ ನಂತರ ಸ್ವರದ ಕೀಲಿಯನ್ನು ಒತ್ತಿದರೆ ಗುಣಿತಾಕ್ಷರ. ಎರಡು ವ್ಯಂಜನಗಳ ನಡುವೆ ‘ಎಫ್’ ಕೀಲಿಯನ್ನು ಒತ್ತಿದರೆ ಒತ್ತಕ್ಷರ. ‘ಸುಬ್ರಹ್ಮಣ್ಯಪುರ’ ಎಂಬ ಮೂರು ಒತ್ತಕ್ಷರಗಳ ಹೆಸರು ಈ ಕ್ರಮದಲ್ಲಿ 14 ಒತ್ತುವಿಕೆಗಳಲ್ಲಿ ಮುಗಿಯುತ್ತದೆ. ಒತ್ತಕ್ಷರದ ಆಕಾರವನ್ನು ಬರೆಯುವವರು ನೆನೆಯಬೇಕಾಗಿಲ್ಲ, ಅದನ್ನು ಯಂತ್ರವೇ ಕಟ್ಟಿಕೊಳ್ಳುತ್ತದೆ. ಈ ವಿನ್ಯಾಸದ ಮೇಲೆ ರಾವ್ ಅವರು ಹಕ್ಕು ಸ್ಥಾಪಿಸಲಿಲ್ಲ. ಅದು ಅಲ್ಪ ಮಾರ್ಪಾಡುಗಳೊಂದಿಗೆ ಕರ್ನಾಟಕ ಸರಕಾರದ ಅಧಿಕೃತ ಕೀಲಿಮಣೆಯಾಗಿ ನೆಲೆನಿಂತಿತು.

ಇದೇ ಕಾಲದಲ್ಲಿ ಕೇಂದ್ರ ಸರಕಾರದ ನೆರಳಿನಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. ಐ.ಐ.ಟಿ. ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನವು ಭಾರತೀಯ ಲಿಪಿಗಳೆಲ್ಲಕ್ಕೂ ಸಾಮಾನ್ಯವಾದ ಸಂಕೇತಪಟ್ಟಿಯನ್ನು ಬಳಸಿತು. ಅಕ್ಷರವೊಂದನ್ನು ಗಣಕದ ನೆನಪಿನಲ್ಲಿ ಸೂಚಿಸುವ ಸಂಖ್ಯೆಗೆ ಸಂಕೇತವೆಂದು ಹೆಸರು. 1991ರಲ್ಲಿ ರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದ ಈ ಪಟ್ಟಿಯನ್ನು ಇಸ್ಕಿ ಎಂದು ಕರೆಯುತ್ತಾರೆ. ಅಲ್ಲಿಯೂ ದಾಖಲಾಗುತ್ತಿದ್ದುದು ಅಕ್ಷರದ ಧ್ವನಿಯೇ ಹೊರತು ಆಕಾರವಲ್ಲ.

ಕಡತಕ್ಕೆ ಸಿಕ್ಕ ಆಕಾರ

ವಿಂಡೋಸ್ ಬಂದು, ಡಿ.ಟಿ.ಪಿ. ಎಂದು ಮನೆಮಾತಾದ ಮೇಜಿನ ಮೇಲಿನ ಅಚ್ಚುಜೋಡಣೆಯು ಬೀದಿಬೀದಿಯ ಕಸುಬಾದಾಗ ಚಿತ್ರ ಬದಲಾಯಿತು. ಬೆಂಗಳೂರಿನ ಸೈಬರ್‌ಸ್ಕೇಪ್ ಸಂಸ್ಥೆಯ ಆಕೃತಿ, ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಲಗ್ನಪತ್ರಿಕೆಯಿಂದ ಮಹಾಕಾವ್ಯದವರೆಗೆ ಎಲ್ಲವನ್ನೂ ಅಚ್ಚಿಗೆ ಸಿದ್ಧಪಡಿಸಿದವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು ರೂಪಿಸಿ ಅಂತರಜಾಲದ ಮೂಲಕ ಉಚಿತವಾಗಿ ಹಂಚಿದಾಗ, ಕನ್ನಡ ಬರೆಯಲು ದುಬಾರಿ ತಂತ್ರಾಂಶವನ್ನು ಕೊಳ್ಳಬೇಕೆಂಬ ತಡೆ ಮುರಿದುಬಿತ್ತು, ಮಾತನ್ನು ರೋಮನ್ ಅಕ್ಷರಗಳಲ್ಲಿ ಉಚ್ಚರಿಸಿದಂತೆ ಬರೆದರೆ ಅದು ಕನ್ನಡವಾಗಿ ಮೂಡುವ ಅದರ ಕ್ರಮವು ಹೊರನಾಡಿನ ಕನ್ನಡಿಗರನ್ನು ವಿಶೇಷವಾಗಿ ಸೆಳೆಯಿತು. ಅನತಿಕಾಲದಲ್ಲಿಯೇ ಕನ್ನಡ ಗಣಕ ಪರಿಷತ್ತು ಸರಕಾರಕ್ಕಾಗಿ ‘ನುಡಿ’ಯನ್ನು ಸಿದ್ಧಪಡಿಸಿತು. ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ಆಧರಿಸಿದ, ಕನ್ನಡದ ಅಕಾರಾದಿಯಲ್ಲಿ ವಿಂಗಡಿಸುವ ಸೌಲಭ್ಯವನ್ನೂ ಕೊಟ್ಟ ನುಡಿಯು ಸರಕಾರಿ ಕಚೇರಿಗಳಲ್ಲಿ ಬೇರೂರಿತು.

ಈ ಎಲ್ಲ ತಂತ್ರಾಂಶಗಳೂ ಬರೆಯುವವರಿಗೆ ಉಪಕಾರ ಮಾಡಿದವು. ಅವುಗಳಿಲ್ಲದೆ ಕನ್ನಡ ಮುದ್ರಣವು ಆ ವೇಗದಲ್ಲಿ ಬೆಳೆಯುತ್ತಿರಲಿಲ್ಲ. ಆದರೆ ಅವುಗಳ ಒಡಲಿನಲ್ಲಿ ಒಂದು ತೊಡಕು ಅಡಗಿತ್ತು. ಅಂದಿನ ವಿಂಡೋಸ್ ವ್ಯವಸ್ಥೆಯು ಕನ್ನಡವನ್ನು ಅರಿಯದ ಕಾರಣ, ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡು ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ತಯಾರಿಸಲಾಯಿತು. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ: ಇಂಗ್ಲಿಷಿನ ದೊಡ್ಡ ‘ಪಿ’ಯ ಸ್ಥಾನದಲ್ಲಿ ಅದರ ಮೈ, ಸ್ವರಚಿಹ್ನೆ ಹೊತ್ತ ‘ಎ’ಯ ಸ್ಥಾನದಲ್ಲಿ ತಲಕಟ್ಟು. ‘ಸು’ ಎಂಬುದು ಮೈ, ತಲಕಟ್ಟು, ಕೊಂಬು ಎಂಬ ಮೂರು ತುಂಡು. ಫಾಂಟ್ ಇರುವ ಗಣಕದಲ್ಲಿ ಇದು ಸುಂದರವಾದ ಕನ್ನಡ; ಫಾಂಟ್ ಇಲ್ಲದೆಡೆ ಅರ್ಥವಿಲ್ಲದ ರೋಮನ್ ಗೋಜಲು. ಅದಕ್ಕಿಂತ ಮಿಗಿಲಾಗಿ, ಒಂದೊಂದು ತಂತ್ರಾಂಶ ಒಂದೊಂದು ಬಗೆಯಲ್ಲಿ ತುಂಡುಗಳನ್ನು ಹಂಚಿದ್ದರಿಂದ ಒಂದರಲ್ಲಿ ಬರೆದ ಕಡತದ ಪದವು ಇನ್ನೊಂದರ ಹುಡುಕಾಟಕ್ಕೆ ನಿಲುಕುತ್ತಿರಲಿಲ್ಲ. ನುಡಿಗಾಗಿ ನಿಗದಿಯಾದ ಅಕ್ಷರರೂಪಗಳ ಮಾನಕವನ್ನು ಬರಹವೂ ಅನುಸರಿಸಿದ್ದರಿಂದ ಇವೆರಡರ ನಡುವೆ ಕಡತ ವಿನಿಮಯ ಸಾಧ್ಯವಾಯಿತೆಂಬುದು ನಿಜವಾದರೂ, ಆ ಮಾನಕವೂ ಆಕಾರದ್ದೇ ಆಗಿತ್ತು.

ಹೀಗೆ ಬೆರಳಿಗೆ ಧ್ವನಿಯನ್ನು ಕೊಟ್ಟ ಕನ್ನಡ ಗಣಕಲೋಕವು ಕಡತದೊಳಗೆ ಮತ್ತೆ ಬೆರಳಚ್ಚು ಯಂತ್ರದ ಆಕಾರಕ್ಕೆ ಹಿಂದಿರುಗಿತ್ತು. ಸುಮಾರು ಎರಡು ದಶಕಗಳ ಪುಸ್ತಕ, ಪತ್ರಿಕೆ, ಸರಕಾರಿ ಆದೇಶಗಳು ಈ ರೂಪದಲ್ಲಿಯೇ ಶೇಖರವಾದವು. ಅವು ಕಣ್ಣಿಗೆ ಕಾಣುತ್ತಿದ್ದವು, ಹುಡುಕಿದರೆ ಸಿಗುತ್ತಿರಲಿಲ್ಲ. ಕಾರ್ಡಿನ ಪೆಟ್ಟಿಗೆಯಲ್ಲಿ ನಿಮಿಷದಲ್ಲಿ ದೊರೆಯುತ್ತಿದ್ದ ಮಾಹಿತಿಯು ಗಣಕದೊಳಗೆ ಕಳೆದುಹೋಗುವ ವಿಚಿತ್ರ ಸ್ಥಿತಿ ಒದಗಿತು.

ಒಂದೇ ಸಂಕೇತ

ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಬೇರೊಂದಕ್ಕೆ ಇಲ್ಲದ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಮಾನಕದ ಮೊದಲ ಆವೃತ್ತಿ 1991ರಲ್ಲಿಯೇ ಬಂದಿತ್ತು, ಅದರಲ್ಲಿ ಇಸ್ಕಿಯ ಮಾದರಿಯನ್ನು ಆಧರಿಸಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿರಿಸಲಾಗಿತ್ತು. ಆದರೆ ಸಂಕೇತವಿದ್ದರೆ ಸಾಲದು, ಅದನ್ನು ಓದಿ ಒತ್ತಕ್ಷರಗಳನ್ನು ಕಟ್ಟಬಲ್ಲ ಕಾರ್ಯಾಚರಣ ವ್ಯವಸ್ಥೆಯೂ ಬೇಕು. ಅಂಥ ಸೌಲಭ್ಯವು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನೊಂದಿಗೆ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಕರ್ನಾಟಕ ಸರಕಾರವು ತನ್ನ ಆಡಳಿತಕ್ಕೆ ಯೂನಿಕೋಡ್ ಅನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2012ರಲ್ಲಿ. ಮಾನಕದ ಹುಟ್ಟಿಗೂ ಸರಕಾರದ ಒಪ್ಪಿಗೆಗೂ ನಡುವೆ ಎರಡು ದಶಕಗಳು ಉರುಳಿದ್ದವು.

ಯೂನಿಕೋಡಿನಲ್ಲಿ ‘ಸುಬ್ರಹ್ಮಣ್ಯಪುರ’ ಎಂಬ ಹೆಸರು 14 ಸಂಕೇತಗಳ ಸರಣಿ. ಕೆ.ಪಿ. ರಾವ್ ಅವರ ಕೀಲಿಮಣೆಯ 14 ಒತ್ತುವಿಕೆಗಳಿಗೂ ಈ ಸಂಖ್ಯೆಗೂ ಇರುವ ಹೊಂದಿಕೆ ಕಾಕತಾಳೀಯವಲ್ಲ. ಎರಡೂ ಕಡೆ ಎಣಿಕೆಗೆ ಬರುವುದು ವ್ಯಂಜನ, ಸ್ವರ ಮತ್ತು ಅವನ್ನು ಬೆಸೆಯುವ ಅರ್ಧಾಕ್ಷರದ ಚಿಹ್ನೆಗಳೇ.

ಹಳೆಯ ಕಡತಗಳನ್ನು ಹೊಸ ಸಂಕೇತಕ್ಕೆ ತರುವ ಕೆಲಸ ಒಂದಕ್ಕೆ ಒಂದನ್ನು ಬದಲಿಸಿದಷ್ಟು ಸರಳವಾಗಿರಲಿಲ್ಲ. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವೊತ್ತು ಬರವಣಿಗೆಯಲ್ಲಿ ‘ಯ’ದ ಬಲಕ್ಕೆ ಕಾಣುವುದರಿಂದ ಹಳೆಯ ಫಾಂಟುಗಳಲ್ಲಿ ಅದು ‘ಯ’ದ ನಂತರ ದಾಖಲಾಗಿರುತ್ತದೆ, ಉಚ್ಚಾರಣೆಯಲ್ಲಿ ‘ರ್’ ಮೊದಲು ಬರುವುದರಿಂದ ಯೂನಿಕೋಡಿನಲ್ಲಿ ಅದು ‘ಯ’ಕ್ಕಿಂತ ಮುಂಚೆ ನಿಲ್ಲುತ್ತದೆ. ಪರಿವರ್ತಕ ತಂತ್ರಾಂಶವು ಇಂಥ ಪ್ರತಿ ಸ್ಥಳದಲ್ಲಿ ತುಂಡುಗಳನ್ನು ಕೂಡಿಸಿ ಕ್ರಮವನ್ನು ತಿರುಗಿಸಬೇಕು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ರೂಪಿಸಿದ ಅರವಿಂದ ವಿ.ಕೆ. ಅವರು ಇಂಥ ಪರಿವರ್ತಕವೊಂದನ್ನು ಬರೆದು, ಅದರ ಆಕರ ಸಂಕೇತದೊಂದಿಗೆ ಎಲ್ಲರ ಬಳಕೆಗೆ ಬಿಟ್ಟರು.

ಯೂನಿಕೋಡ್ ಬಂದ ಮೇಲೂ ಕೆಲವು ಮುಳ್ಳುಗಳು ಉಳಿದುಕೊಂಡವು. ಅನುಸ್ವಾರದ ಬದಲು ಅದರಂತೆಯೇ ಕಾಣುವ ಕನ್ನಡದ ಸೊನ್ನೆಯನ್ನು ಒತ್ತಿದ ಪಠ್ಯದಲ್ಲಿ ಕಣ್ಣಿಗೆ ತಪ್ಪು ತೋರುವುದಿಲ್ಲ, ಹುಡುಕಾಟಕ್ಕೆ ಪದ ಸಿಗುವುದಿಲ್ಲ. ‘ಸಾಫ್ಟ್‌ವೇರ್’ ಎಂಬಲ್ಲಿ ‘ವ’ಕಾರವು ಒತ್ತಾಗದಂತೆ ತಡೆಯುವ ಕಾಣದ ಸಂಕೇತವನ್ನು ಒಬ್ಬರು ಸೇರಿಸಿ, ಇನ್ನೊಬ್ಬರು ಬಿಟ್ಟರೆ ಅವು ಎರಡು ಬೇರೆ ಪದಗಳಾಗುತ್ತವೆ. ಹಕಾರ ಬಿಟ್ಟು ‘ಸುಬ್ರಮಣ್ಯಪುರ’ ಎಂದು ಬರೆಯುವ ರೂಢಿಯನ್ನು ಯಾವ ಮಾನಕವೂ ತಾನಾಗಿ ಸರಿಪಡಿಸಲಾರದು. ಊರಿನ ಚರಿತ್ರೆಯನ್ನು ಅರಸುವವರು ಎರಡು ರೂಪಗಳನ್ನೂ ಹುಡುಕಲೇಬೇಕು.

ಹುಡುಕಾಟದ ಪರಿಕರಗಳು

ಸಂಕೇತ ಒಂದಾದ ಮೇಲೆಯೇ ಕಾರ್ಡಿನ ಪೆಟ್ಟಿಗೆಯ ನಿಜವಾದ ಉತ್ತರಾಧಿಕಾರಿಗಳು ಹುಟ್ಟಿದವು. ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಆಧರಿಸಿ, ಓಂಶಿವಪ್ರಕಾಶ್, ಪವಿತ್ರಾ ಹಂಚಗಯ್ಯ, ದೇವರಾಜ್ ಮೊದಲಾದ ತಂತ್ರಜ್ಞರು ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಅವರಂಥ ಸಾಹಿತಿಗಳೊಂದಿಗೆ ಕೂಡಿ ರೂಪಿಸಿದ ‘ವಚನ ಸಂಚಯ’ವು ಇವುಗಳಲ್ಲಿ ಪ್ರಮುಖವಾದುದು. ಸುಮಾರು 21 ಸಾವಿರ ವಚನಗಳಲ್ಲಿ ಒಂದು ಪದವನ್ನು ಯಾವ ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆಂಬುದನ್ನು ಅದು ಕ್ಷಣದಲ್ಲಿ ತೋರಿಸುತ್ತದೆ. ಹಿಂದೆ ಇದೇ ಪ್ರಶ್ನೆಗೆ ಉತ್ತರ ಪಡೆಯಲು ಸಂಪುಟಗಳನ್ನೆಲ್ಲ ಓದಿ ಟಿಪ್ಪಣಿ ಮಾಡಬೇಕಾಗಿತ್ತು. ಆದರೂ ಕನ್ನಡದ ಪದವು ವಿಭಕ್ತಿ, ಬಹುವಚನ, ಸಂಧಿಗಳಿಂದ ರೂಪ ಬದಲಿಸುವುದರಿಂದ ‘ಮರ’ವನ್ನು ಹುಡುಕಿದರೆ ‘ಮರವನ್ನು’, ‘ಮರಗಳಲ್ಲಿ’ ಎಂಬವೂ ಸಿಗಬೇಕೆಂಬ, ಆದರೆ ‘ಮರಳು’ ಸಿಗಬಾರದೆಂಬ ಸೂಕ್ಷ್ಮವನ್ನು ಯಂತ್ರಕ್ಕೆ ಕಲಿಸುವ ಕೆಲಸ ಇನ್ನೂ ನಡೆಯುತ್ತಲೇ ಇದೆ.

ಶಬ್ದಕೋಶದ ಕ್ಷೇತ್ರದಲ್ಲಿ ಸುಬ್ರಹ್ಮಣ್ಯಪುರಕ್ಕೆ ದೂರವಲ್ಲದ ಜೆ.ಪಿ. ನಗರವು ಒಂದು ಗಮನಾರ್ಹ ಅಧ್ಯಾಯಕ್ಕೆ ನೆಲೆಯಾಯಿತು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಬಹುಮಟ್ಟಿಗೆ ಒಂಟಿಯಾಗಿ ದುಡಿದು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ಪದಸಂಪತ್ತು 2019ರಲ್ಲಿ ‘ಅಲರ್’ ಎಂಬ ಹೆಸರಿನಿಂದ ಅಂತರಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 2 ಲಕ್ಷ 40 ಸಾವಿರದಷ್ಟು ಅರ್ಥವಿವರಣೆಗಳುಳ್ಳ ಈ ಕೋಶವನ್ನು ಪ್ರಕಟಿಸಿದ್ದು ಜೆ.ಪಿ. ನಗರದಲ್ಲಿ ಕಚೇರಿಯಿರುವ ಷೇರು ವಹಿವಾಟಿನ ಸಂಸ್ಥೆ ಜೆರೋಧಾದ ತಂತ್ರಜ್ಞ ಕೈಲಾಶ್ ನಾಧ್. ಅವರು ಬರೆದ ಧ್ವನಿಸಾಮ್ಯದ ಕ್ರಮವಿಧಿಯೊಂದು, ಬಳಕೆದಾರರು ಪದವನ್ನು ರೋಮನ್ ಅಕ್ಷರಗಳಲ್ಲಿ ತೋಚಿದಂತೆ ಬರೆದರೂ ಹತ್ತಿರದ ಉಚ್ಚಾರಣೆಯ ಕನ್ನಡ ಪದವನ್ನು ಹುಡುಕಿಕೊಡುತ್ತದೆ. ಇಡೀ ಪದಕೋಶವನ್ನು ಮುಕ್ತ ದತ್ತಾಂಶ ಪರವಾನಗಿಯಡಿ, ಅಂದರೆ ಯಾರು ಬೇಕಾದರೂ ಪಡೆದು, ಮೂಲವನ್ನು ಹೆಸರಿಸಿ, ಅದೇ ಷರತ್ತಿನಡಿ ಮುಂದಕ್ಕೆ ಹಂಚಬಹುದೆಂಬ ಒಪ್ಪಂದದಡಿ, ಬಿಡುಗಡೆ ಮಾಡಿದ್ದು ಕನ್ನಡ ಕೋಶರಚನೆಯಲ್ಲಿ ಹೊಸ ಹೆಜ್ಜೆ.

ಮುದ್ರಿತ ಪುಸ್ತಕಗಳ ಕಥೆ ಇದಕ್ಕಿಂತ ಜಟಿಲ. 2000ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಒಂದು ಕೇಂದ್ರವಾಗಿಸಿಕೊಂಡು ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯು ಸಾವಿರಾರು ಹಳೆಯ ಕನ್ನಡ ಪುಸ್ತಕಗಳನ್ನು ಪುಟಚಿತ್ರಗಳಾಗಿ ಉಳಿಸಿತು. ಆದರೆ ಪುಟದ ಛಾಯಾಚಿತ್ರವೂ ಕಾಣುವ ಅಕ್ಷರವೇ ಹೊರತು ಸಿಗುವ ಅಕ್ಷರವಲ್ಲ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸಿ ಪಠ್ಯವಾಗಿಸುವ ಅಕ್ಷರ ಗ್ರಹಣ ತಂತ್ರಜ್ಞಾನಕ್ಕೆ ಕನ್ನಡವು ಕಠಿಣ ಪರೀಕ್ಷೆ, ಏಕೆಂದರೆ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿಗೆ ತಾಗುವಂತಿರುತ್ತವೆ, ದುಂಡನೆಯ ಅಕ್ಷರಗಳ ಭೇದವು ಒಂದು ಸೀಳಿನಲ್ಲೋ ಒಂದು ಚುಕ್ಕೆಯಲ್ಲೋ ಅಡಗಿರುತ್ತದೆ. ಅದೇ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡವು ರೂಪಿಸಿದ ‘ಲಿಪಿ ಜ್ಞಾನಿ’ಯು ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತ ಪುಟಗಳನ್ನೂ ಓದುವಂತೆ ಸಿದ್ಧವಾಯಿತು. ಯಂತ್ರ ಓದಿದ್ದನ್ನು ಪುಟಚಿತ್ರದ ಪಕ್ಕದಲ್ಲಿಟ್ಟು ಸ್ವಯಂಸೇವಕರು ತಿದ್ದುವ ಕನ್ನಡ ವಿಕಿಸೋರ್ಸ್, ನಿಘಂಟಿನ ವಿದ್ವಾಂಸರ ಕಾರ್ಡು ತಿದ್ದುವ ಪರಂಪರೆಯನ್ನು ಬೇರೆ ರೂಪದಲ್ಲಿ ಮುಂದುವರಿಸಿದೆ.

ಕಲ್ಲಿನಿಂದ ತೆರೆಗೆ

ಪಠ್ಯದ ಮೂಲವೇ ಕಲ್ಲಾಗಿರುವಲ್ಲಿ ಛಾಯಾಗ್ರಹಣವೂ ಸಂಶೋಧನೆಯ ಪರಿಕರವಾಗುತ್ತದೆ. ರೈಸ್ ಅವರ ಕಾಲದಿಂದ ಶಾಸನದ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ, ಮಸಿ ಸವರಿ ಪಡಿಯಚ್ಚು ತೆಗೆಯುವುದು ರೂಢಿ. ಕಲ್ಲು ಸವೆದಿದ್ದರೆ ಪಡಿಯಚ್ಚೂ ಮೂಕವಾಗುತ್ತದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆಯಲ್ಲಿ ಕಲ್ಲಿನ ಮೇಲ್ಮೈಯ ಏರುತಗ್ಗುಗಳನ್ನು ಸ್ಕ್ಯಾನರ್ ಅಳೆದು ದಾಖಲಿಸುತ್ತದೆ. ಆ ಮಾದರಿಯನ್ನು ತೆರೆಯ ಮೇಲೆ ತಿರುಗಿಸಿ, ಬೆಳಕನ್ನು ಬೇಕಾದ ಕೋನದಿಂದ ಬೀರಿದಂತೆ ಮಾಡಿ, ಬರಿಗಣ್ಣಿಗೆ ಅಳಿಸಿಹೋದಂತಿದ್ದ ಗೆರೆಯನ್ನು ಓದಲು ಸಾಧ್ಯವಾಗುತ್ತದೆ. ಶಾಸನಗಳಿಂದ ಬಿಡಿಯಾಗಿ ತೆಗೆದ ಅಕ್ಷರಗಳ ಚಿತ್ರಗಳನ್ನು ಕೂಡಿಡುವ ‘ಅಕ್ಷರ ಭಂಡಾರ’ವೆಂಬ ತಂತ್ರಾಂಶವನ್ನೂ ಇದೇ ಯೋಜನೆ ರೂಪಿಸಿತು.

ನಗರೀಕರಣವು ಹೊಲ, ಕೆರೆಯಂಗಳ, ಗುಂಡುತೋಪುಗಳನ್ನು ನುಂಗಿದ ದಕ್ಷಿಣ ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಅವಸರವೂ ಇದೆ. ಬೆಂಗಳೂರು ಎಂಬ ಊರಿನ ಹೆಸರು ಕಾಣಿಸುವ 9ನೆಯ ಶತಮಾನದ ಕೊನೆಯ ಭಾಗದ ಶಾಸನ ಈ ಸೀಮೆಯದೇ ಆದ ಬೇಗೂರಿನಲ್ಲಿದೆ. ರೈಸ್ ಅವರ ಸಂಪುಟದಲ್ಲಿ ಸಂಖ್ಯೆ ಪಡೆದ ಕಲ್ಲುಗಳಲ್ಲಿ ಕೆಲವು ಇಂದು ಸ್ಥಳದಲ್ಲಿಲ್ಲ. ಉಳಿದಿರುವುದು ಪಾಠ ಮಾತ್ರ.

ಇಂಥ ಹಳೆಯ ಪಾಠಗಳು ಗಣಕಕ್ಕೆ ಬಂದಾಗ ಬಳಕೆ ತಪ್ಪಿದ ಅಕ್ಷರಗಳೂ ಬರಬೇಕು. ಪದಾಂತ್ಯದ ನಕಾರವನ್ನು ಸೂಚಿಸುವ ನಕಾರ ಪೊಲ್ಲು ಯೂನಿಕೋಡಿಗೆ ಸೇರಿದ್ದು 2021ರಲ್ಲಿ. ಅದಕ್ಕಿಂತ ಬಹಳ ಹಿಂದೆಯೇ ಸೇರಿದ್ದ ಹಳಗನ್ನಡದ ೞಕಾರಕ್ಕೆ ಮಾನಕವನ್ನು ಬರೆದವರು ತಪ್ಪಿನಿಂದ ‘ಫ’ ಎಂದು ಹೆಸರಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ, ಅದು ತಪ್ಪೆಂಬ ಟಿಪ್ಪಣಿಯೊಂದಿಗೆ ಅದೇ ಹೆಸರು ಇಂದಿಗೂ ಉಳಿದಿದೆ. ಆದರೆ ಅಕ್ಷರಕ್ಕೆ ಕೊಟ್ಟ ಸಂಖ್ಯೆ ಒಂದೇ ಆಗಿರುವುದರಿಂದ, ಪಂಪನ ಕಾವ್ಯದಲ್ಲಾಗಲಿ ಬೆಂಗಳೂರಿನ ಶಾಸನದಲ್ಲಾಗಲಿ ೞಕಾರವನ್ನು ಹುಡುಕಿದವರಿಗೆ ಅದು ಸಿಗುತ್ತದೆ.